ವಾಪಸು ಬಂದ ವರ್ಷ

ಜೂನ್ ತಿಂಗಳ ಒಂದು ಬುಧವಾರ
ಹರಾಜಿನ ಗಂಟೆ ಹೊಡೆಯುವ ಮೊದಲೇ
ಮೊಕ್ಪೊ ಬಂದರಿನ ರೇಡಿಯೊ ಹೇಳಿತು:
ಇವತ್ತಿನಿಂದ ಕೊರಿಯಾದಲ್ಲಿ ಎಲ್ಲರೂ
ಒಂದು ವರ್ಷ ಚಿಕ್ಕವರು. ಕೆಲವರು ಎರಡು.

ಕಲ್ಲುತಲೆ ಮೀನಿನ ಹೊಟ್ಟೆ ಸೀಳುತ್ತಿದ್ದೆ.
ಚಾಕು ನಿಲ್ಲಿಸಲಿಲ್ಲ.
ಇಳಿದದ್ದು ಮೀನಿನ ರೇಟಲ್ಲವಲ್ಲ.

ನನ್ನ ಲೆಕ್ಕ ಮೊದಲಿನಿಂದಲೂ ಸರಿಯಿಲ್ಲ.
ಚಾಂದ್ರಮಾನದ ವರ್ಷ ಮುಗಿಯಲು ಎರಡು ರಾತ್ರಿ ಇರುವಾಗ ಹುಟ್ಟಿದೆ.
ಹುಟ್ಟುತ್ತಲೇ ಒಂದು, ಅದು ಪದ್ಧತಿ;
ಹೊಸವರ್ಷದ ಅಕ್ಕಿಬಿಲ್ಲೆಯ ಸಾರು ಕುದಿದಾಗ ಎರಡು.
ಸರಿಯಾಗಿ ಕಣ್ಣು ಬಿಡದ ಕೂಸು, ಎರಡು ವರ್ಷದವಳು!
ಅಪ್ಪ ಕಚೇರಿಗೆ ಹೋದದ್ದು ಮರುವರ್ಷದ ಸುಗ್ಗಿ ಕಳೆದ ಮೇಲೆ,
ಬದುಕುತ್ತದೋ ನೋಡೋಣ, ಆಮೇಲೆ ಬರೆಸೋಣ ಅಂತ.
ಮಲ್ಸುನ್ ಎಂದು ಬರೆಸಿದ: ಹೆಣ್ಣು ಇದೇ ಕೊನೆಯದಾಗಲಿ.
ಆಗಲಿಲ್ಲ.

ಹೀಗೆ ಕಾಗದದಲ್ಲಿ ಒಂದು, ಬಾಯಲ್ಲಿ ಒಂದು,
ಮಂಡಿಯಲ್ಲಿ ಇನ್ನೊಂದು.

ಆದರೂ ನನಗೆ ವಯಸ್ಸಾದದ್ದು ವರ್ಷಗಳಿಂದಲ್ಲ.
ಮೂವತ್ತೆರಡರಲ್ಲಿ, ಒಂದನೇ ನಂಬರ್ ಬಸ್ಸಿನಲ್ಲಿ,
ಶಾಲೆಯ ಹುಡುಗನೊಬ್ಬ ನನ್ನ ಬುಟ್ಟಿ ಎಡವಿ
"ಕ್ಷಮಿಸಿ, ಆಜುಮ್ಮಾ" ಅಂದ.
ಹತ್ತುವಾಗ ಹುಡುಗಿ, ಇಳಿಯುವಾಗ ಹೆಂಗಸು.
ಮಾರನೇ ವಾರ ಜಡೆ ಕತ್ತರಿಸಿ, ಮೋಟುಗೂದಲಿಗೆ ಗುಂಗುರು ಹಿಡಿಸಿಕೊಂಡು ಬಂದೆ.
ಹಾಗೆ ಮಾಡು ಅಂತ ಯಾರೂ ಅಂದಿರಲಿಲ್ಲ.

ಅಜ್ಜಿಯಾದದ್ದು ಹಲ್ಲಿನ ಆಸ್ಪತ್ರೆಯಲ್ಲಿ.
ಮದುವೆಯಿಲ್ಲ, ಮಕ್ಕಳಿಲ್ಲ; ಮೊಮ್ಮಗ ಮಾತ್ರ
ಬಿಳಿ ಕೋಟು ಹಾಕಿಕೊಂಡು ಬಂದು, ಕಿವಿಯ ಹತ್ತಿರ ಬಗ್ಗಿ,
ಜೋರಾಗಿ, ಬಿಡಿಸಿ ಬಿಡಿಸಿ,
"ಅಜ್ಜೀ, ಆ ಅನ್ನಿ."
ನನ್ನ ಕಿವಿ ಚೆನ್ನಾಗಿಯೇ ಇತ್ತು.
ಆ ಅಂದೆ.

ಪಕ್ಕದ ಕಟ್ಟೆ ಒಕ್ಬುನಳದು.
ನಲವತ್ತೊಂದು ವರ್ಷವಾಯಿತು. ಮೊದಲ ದಿನ ಕೇಳಿದ್ದು ಹೆಸರಲ್ಲ,
"ಯಾವ ವರ್ಷದವಳು?"
ಅವಳದು ಒಂದು ಮುಂಚೆ. ಮುಗಿಯಿತು:
ಅವಳು ಅಕ್ಕ, ನಾನು ತಂಗಿ.
ಸಾರಿನ ಮೊದಲ ಸೌಟು ಅವಳಿಗೆ,
ಇದ್ದಿಲ ಒಲೆಗೆ ಹತ್ತಿರದ ಮಣೆ ಅವಳಿಗೆ,
ನಾನಾಡುವ ಪ್ರತಿ ಮಾತಿನ ತುದಿಗೆ ಮರ್ಯಾದೆಯ ಒಂದು "ಯೊ",
ಬೈಯುವಾಗಲೂ. ಬಹುವಚನದಲ್ಲಿ ಬೈದು ನೋಡಿ,
ಅರ್ಧ ಸಿಟ್ಟು ವ್ಯಾಕರಣಕ್ಕೇ ಖರ್ಚು.

ಅವತ್ತು ರೇಡಿಯೊ ಸುಮ್ಮನಾದ ಮೇಲೆ
ಅವಳು ಕೈಗವಸು ಕಳಚಿದಳು.
"ನನ್ನದರಲ್ಲಿ ನಾಲ್ಕು ಕಳೆಯಬೇಕು. ಸರ್ಕಾರದ್ದು ಒಂದು,
ಅಕ್ಕನದು ಮೂರು" ಅಂದಳು.

ಬುಸಾನಿನ ರಬ್ಬರ್ ಚಪ್ಪಲಿ ಕಾರ್ಖಾನೆ.
ಹದಿನಾರಾಗದೆ ಒಳಗೆ ಬಿಡರು.
ಅಕ್ಕ ಜ್ವರ ಬಂದು ಸತ್ತಿದ್ದಳು,
ಕಚೇರಿಯ ಪುಸ್ತಕದಲ್ಲಿ ಇನ್ನೂ ಸತ್ತಿರಲಿಲ್ಲ.
ಆ ಹುಟ್ಟಿದ ದಿನ, ಆ ಹೆಸರು ತೊಟ್ಟುಕೊಂಡು
ಹದಿಮೂರರ ಹುಡುಗಿ ಗೇಟು ದಾಟಿದಳು.
"ದೊಗಲೆಯಾಗಿತ್ತು. ತೋಳು ಮಡಚಿ ತೊಟ್ಟೆ.
ಆಮೇಲೆ ಮೈಗೇ ಹತ್ತಿಕೊಂಡಿತು."

ಹಾಗಾದರೆ ಇಷ್ಟು ವರ್ಷ ನಾನು ಅಕ್ಕ ಅಂದದ್ದು
ಆರನೇ ತರಗತಿಯನ್ನೂ ಮುಗಿಸದೆ ಹೋದ ಒಂದು ಮಗುವಿಗೆ.
ಓಗೊಟ್ಟವಳು ಇವಳು, ನನ್ನ ತಂಗಿ.

ಮೀನುಗಾರಿಕೆ ಕಾಲೇಜಿನವನೊಬ್ಬ ಚಳಿಗಾಲದಲ್ಲಿ ಬರುತ್ತಾನೆ.
ಈ ಮೀನಿನ ತಲೆಯೊಳಗೆ ಎರಡು ಬಿಳಿ ಕಲ್ಲುಗಳಿವೆ;
ಸೀಳಿ, ಮಸೂರದ ಕೆಳಗಿಟ್ಟು, ಉಂಗುರ ಎಣಿಸಿ
ವಯಸ್ಸು ಬರೆದುಕೊಳ್ಳುತ್ತಾನೆ.
ಮೀನು ಇನ್ನೊಂದು ಮೀನನ್ನು ಎಂದೂ ಕೇಳಿದ್ದಿಲ್ಲವಂತೆ.
ಅವನಿಗೆ ಅದು ತಮಾಷೆ.

ಮಧ್ಯಾಹ್ನ ಸಾರು ಬಂತು.
ಅವಳು ಸೌಟನ್ನು ನನ್ನ ಕಡೆ ತಿರುಗಿಸಿಟ್ಟಳು,
ಮಣೆಯಿಂದ ಅರ್ಧ ಎದ್ದಳು ಕೂಡ.
"ನಿನ್ನ ಹೆಸರೇನು?" ಅಂದೆ,
ಯೊ ಇಲ್ಲದೆ, ಮೊದಲ ಸಲ.
ಬರಿಗಾಲಲ್ಲಿ ಐಸಿನ ಮೇಲೆ ನಿಂತ ಹಾಗಾಯಿತು ನಾಲಗೆಗೆ.
ಅವಳು ಹೇಳಿದಳು. ನೆನಪಿಸಿಕೊಂಡು ಹೇಳಿದಳು.
ಇಲ್ಲಿ ಬರೆಯುವುದಿಲ್ಲ, ಅದು ಅವಳದು.

ಬಟ್ಟಲು ಆರುತ್ತಿತ್ತು.
"ಕೂತುಕೊಳ್ಳಿ ಅಕ್ಕ, ಮೊದಲು ನೀವು."
ಕೂತಳು. ಒಂದು ಗುಟುಕು ಕುಡಿದು
ದಿನದ ಹಾಗೇ ಮುಖ ಸಿಂಡರಿಸಿ
ಉಪ್ಪು ಕಮ್ಮಿ ಅಂದಳು.